ನೋಟು ಮೇಟಗಳ್ಳಿಯದು, ಹಣ ಹಿನಕಲ್‌ನದು: ಹಣ, ಬ್ಯಾಂಕಿಂಗ್ ಓದಲು ಹೊರಟವರಿಗೆ

ಮೈಸೂರಿನ ಹಿನಕಲ್ ಜಂಕ್ಷನ್‌ನಲ್ಲಿ ಹುಣಸೂರು ರಸ್ತೆ ಬಿಟ್ಟು ರಿಂಗ್ ರೋಡ್ ಹಿಡಿದು ಹೆಬ್ಬಾಳದ ಕಡೆ ಹೊರಟರೆ, ಕೈಗಾರಿಕಾ ಪ್ರದೇಶ ದಾಟಿದ ಮೇಲೆ ಮೇಟಗಳ್ಳಿ ಸಿಗುತ್ತದೆ. ಈ ದೇಶದಲ್ಲಿ ನೋಟು ಅಚ್ಚಾಗುವುದು ನಾಲ್ಕೇ ಊರುಗಳಲ್ಲಿ: ನಾಸಿಕ್, ದೇವಾಸ್, ಸಾಲ್ಬೋನಿ ಮತ್ತು ನಮ್ಮ ಮೈಸೂರು. ಮೇಟಗಳ್ಳಿಯ ಮುದ್ರಣಾಲಯ 1996ರಿಂದ ಕೆಲಸ ಮಾಡುತ್ತಿದೆ. ನಡೆಸುತ್ತಿರುವುದು ರಿಸರ್ವ್ ಬ್ಯಾಂಕಿನದೇ ಅಂಗಸಂಸ್ಥೆ, ಭಾರತೀಯ ರಿಸರ್ವ್ ಬ್ಯಾಂಕ್ ನೋಟ್ ಮುದ್ರಣ್. ನೋಟಿನ ಕಾಗದದ ಗಿರಣಿಯೂ ಮೈಸೂರಿನಲ್ಲಿದೆ. ಶಾಯಿ ತಯಾರಿಸುವ ‘ವರ್ಣಿಕಾ’ ಘಟಕವನ್ನು 2022ರ ಮಾರ್ಚ್‌ನಲ್ಲಿ ಇಲ್ಲೇ ರಾಷ್ಟ್ರಕ್ಕೆ ಸಮರ್ಪಿಸಲಾಯಿತು. ಕಾಗದ, ಶಾಯಿ, ಅಚ್ಚು ಮೂರೂ ಒಂದೇ ಊರಿನಲ್ಲಿ.

ಆದರೆ ಹಣ ಹುಟ್ಟುವುದು ಮೇಟಗಳ್ಳಿಯಲ್ಲಿ ಅಂದುಕೊಂಡರೆ ಲೆಕ್ಕ ತಪ್ಪುತ್ತದೆ. ದೇಶದ ಒಟ್ಟು ಹಣದ ಪೂರೈಕೆಯಲ್ಲಿ, ಅಂದರೆ ಅರ್ಥಶಾಸ್ತ್ರದವರು ಎಂ3 ಎಂದು ಕರೆಯುವ ಮೊತ್ತದಲ್ಲಿ, ಜನರ ಕೈಯಲ್ಲಿರುವ ನೋಟು ನಾಣ್ಯ ಸುಮಾರು ಏಳನೇ ಒಂದು ಭಾಗ ಮಾತ್ರ. ಉಳಿದದ್ದೆಲ್ಲ ಬ್ಯಾಂಕ್ ಠೇವಣಿ, ಅಂದರೆ ಲೆಕ್ಕದ ಪುಸ್ತಕದಲ್ಲಿರುವ ಅಂಕಿ. ಅದರ ದೊಡ್ಡ ಪಾಲು ಹುಟ್ಟುವುದು ಬ್ಯಾಂಕಿನ ಶಾಖೆಯಲ್ಲಿ, ಸಾಲದ ಅರ್ಜಿಗೆ ಮಂಜೂರಾತಿ ಸಿಕ್ಕು ಗ್ರಾಹಕರ ಖಾತೆಗೆ ಮೊತ್ತ ಜಮಾ ಆದ ಗಳಿಗೆಯಲ್ಲಿ. ಅಂಥ ಶಾಖೆಗಳು ಹಿನಕಲ್‌ನಲ್ಲೂ ಇವೆ, ಪಕ್ಕದ ವಿಜಯನಗರದಲ್ಲೂ ಇವೆ. ‘ಹಣ, ಬ್ಯಾಂಕಿಂಗ್ ಮತ್ತು ಹಣಕಾಸು ಮಾರುಕಟ್ಟೆ’ ಎಂಬ ಪದವಿ ಪಾಠದ ತಿರುಳು ಇದು: ನೋಟು ಎಲ್ಲಿಂದ ಬಂತು ಎನ್ನುವುದಕ್ಕಿಂತ ಹಣ ಹೇಗೆ ಹುಟ್ಟುತ್ತದೆ, ಹೇಗೆ ಕರಗುತ್ತದೆ, ಯಾರ ಕೈಯಲ್ಲಿ ಅದರ ಲಗಾಮು ಇದೆ ಎನ್ನುವುದು.

ಪಿಯುಸಿ ಮುಗಿಸಿ ಬಿ.ಕಾಂ. ಅಥವಾ ಅರ್ಥಶಾಸ್ತ್ರದ ಬಿ.ಎ. ಸೇರುವ ಮಕ್ಕಳಿಗೂ ಅವರ ಅಪ್ಪ ಅಮ್ಮಂದಿರಿಗೂ ಈ ಲೇಖನ. ನನ್ನ ವಾದ ಇಷ್ಟೇ. ಈ ವಿಷಯವನ್ನು ವ್ಯಾಖ್ಯೆಗಳ ಪಟ್ಟಿಯಾಗಿ ಬಾಯಿಪಾಠ ಮಾಡಿದರೆ ಅಂಕ ಬರಬಹುದು, ವಿಷಯ ಬರುವುದಿಲ್ಲ. ಒಂದು ಬ್ಯಾಂಕಿನ ಆಸ್ತಿ–ಹೊಣೆ ಪಟ್ಟಿ, ಅಂದರೆ ಬ್ಯಾಲೆನ್ಸ್ ಶೀಟ್ ಓದಲು ಬಂದರೆ ಮುಕ್ಕಾಲು ಪಾಲು ಪಠ್ಯ ತಾನಾಗಿ ತಿಳಿಯುತ್ತದೆ.

ಯಾವ ಪದವಿ, ಎಲ್ಲಿ

2024–25ರಿಂದ ಕರ್ನಾಟಕದ ಪದವಿ ಮತ್ತೆ ಮೂರು ವರ್ಷದ್ದಾಗಿದೆ, ಆರು ಸೆಮಿಸ್ಟರ್. ಈ ವಿಷಯ ಒಂದೊಂದು ಪದವಿಯಲ್ಲಿ ಒಂದೊಂದು ಹೆಸರಿನಲ್ಲಿ ಬರುತ್ತದೆ. ಬಿ.ಎ.ಯಲ್ಲಿ ಹಣ ಎಂದರೇನು, ಬೆಲೆ ಏಕೆ ಏರುತ್ತದೆ, ರಿಸರ್ವ್ ಬ್ಯಾಂಕ್ ಏನು ಮಾಡುತ್ತದೆ ಎನ್ನುವುದಕ್ಕೆ ಒತ್ತು. ಬಿ.ಕಾಂ.ನಲ್ಲಿ ಬ್ಯಾಂಕಿನ ಕಾಯ್ದೆ, ಚೆಕ್ಕು, ಸಾಲದ ವಿಧ, ಷೇರುಪೇಟೆಯ ವ್ಯವಹಾರಕ್ಕೆ ಒತ್ತು. ಬಿ.ಬಿ.ಎ.ಯಲ್ಲಿ ಹೂಡಿಕೆ ಮತ್ತು ಹಣಕಾಸು ಸೇವೆಗಳ ಕಡೆ ವಾಲುತ್ತದೆ. ನನಗೆ ಕೇಳಿದರೆ, ‘ಏಕೆ’ ಎಂದು ಕೇಳುವ ಸ್ವಭಾವದವರಿಗೆ ಬಿ.ಎ. ಅರ್ಥಶಾಸ್ತ್ರ ಒಳ್ಳೆಯದು, ಲೆಕ್ಕಪತ್ರದಲ್ಲಿ ಕೈ ಓಡುವವರಿಗೆ ಬಿ.ಕಾಂ. ಸರಿ. ಒಂದು ಮೇಲು, ಇನ್ನೊಂದು ಕೀಳು ಎನ್ನುವುದಿಲ್ಲ. ಬ್ಯಾಂಕ್ ಪರೀಕ್ಷೆಗಳಿಗೆ ಯಾವ ಪದವಿಯಾದರೂ ನಡೆಯುತ್ತದೆ.

ಹಿನಕಲ್‌ನವರಿಗೆ ಒಂದು ಅನುಕೂಲವಿದೆ. ಊರಿನಿಂದ ನಗರದ ಕಡೆ ಸ್ವಲ್ಪ ದೂರ ಹೋದರೆ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ, ಅದರ ಮಗ್ಗುಲಲ್ಲೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ. ಪದವಿ ಕಾಲೇಜುಗಳು ನಗರದ ತುಂಬ ಇವೆ. ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿಯ ಕಾರ್ಖಾನೆಗಳಲ್ಲಿ ಪಾಳಿ ಕೆಲಸ ಮಾಡುವವರು ಮುಕ್ತ ವಿಶ್ವವಿದ್ಯಾನಿಲಯದ ಬಿ.ಎ. ಅಥವಾ ಬಿ.ಕಾಂ.ಗೆ ಸೇರಬಹುದು. ಕೆಲಸ ಬಿಡಬೇಕಾಗಿಲ್ಲ.

ಸೇರುವ ಮೊದಲು ಕಾಲೇಜಿನಲ್ಲಿ ಕೇಳಬೇಕಾದ ಕೆಲವು ಮಾತುಗಳಿವೆ. ಈ ವಿಷಯ ಯಾವ ಸೆಮಿಸ್ಟರ್‌ನಲ್ಲಿದೆ, ಕಡ್ಡಾಯವೋ ಐಚ್ಛಿಕವೋ? ಪಾಠ ಯಾವ ಭಾಷೆಯಲ್ಲಿ, ಉತ್ತರವನ್ನು ಕನ್ನಡದಲ್ಲಿ ಬರೆಯಲು ಬಿಡುತ್ತಾರೆಯೇ? ಪ್ರಾಜೆಕ್ಟ್ ಅಥವಾ ಇಂಟರ್ನ್‌ಶಿಪ್ ಇದೆಯೇ? ಈಗಿನ ಪಠ್ಯಕ್ರಮದ ಪ್ರತಿ ಕೈಗೆ ಕೊಡುತ್ತಾರೆಯೇ? ಕಳೆದ ಕೆಲವು ವರ್ಷಗಳಲ್ಲಿ ಪಠ್ಯಕ್ರಮ ಮೇಲಿಂದ ಮೇಲೆ ಬದಲಾಗಿದೆ. ಅಣ್ಣನ ಪುಸ್ತಕ ತಮ್ಮನಿಗೆ ಬಂದೇ ಬರುತ್ತದೆ ಎನ್ನುವ ಭರವಸೆ ಈಗ ಇಲ್ಲ.

ಗಣಿತದ ಭಯ ಬೇಡ. ಶೇಕಡಾವಾರು, ಚಕ್ರಬಡ್ಡಿ, ಸರಾಸರಿ ಗೊತ್ತಿದ್ದರೆ ಪದವಿ ಮಟ್ಟಕ್ಕೆ ಸಾಕು. ಎಕ್ಸೆಲ್‌ನಲ್ಲಿ ಕಂತಿನ ಲೆಕ್ಕ ಹಾಕುವುದನ್ನು ಕಲಿತರೆ ಇನ್ನೂ ಒಳ್ಳೆಯದು.

ಇಡೀ ವಿಷಯ ಒಂದೇ ಹಾಳೆಯಲ್ಲಿ

ಒಂದು ಚಿಕ್ಕ ಬ್ಯಾಂಕನ್ನು ಊಹಿಸಿಕೊಳ್ಳಿ. ನೋಟ್‌ಬುಕ್ಕಿನ ಒಂದು ಪುಟಕ್ಕೆ ನಡುವೆ ಗೆರೆ ಎಳೆಯಿರಿ. ಬಲಗಡೆ ಹೊಣೆ: ಮಾಲೀಕರ ಬಂಡವಾಳ 10 ಲಕ್ಷ, ಜನರ ಠೇವಣಿ 90 ಲಕ್ಷ. ಎಡಗಡೆ ಆಸ್ತಿ: ಕೈಯಲ್ಲಿ ಮತ್ತು ರಿಸರ್ವ್ ಬ್ಯಾಂಕಿನಲ್ಲಿ ಇಟ್ಟ ನಗದು 10 ಲಕ್ಷ, ಸರ್ಕಾರಿ ಬಾಂಡ್ 20 ಲಕ್ಷ, ಕೊಟ್ಟ ಸಾಲ 70 ಲಕ್ಷ. ಎರಡೂ ಕಡೆ ಒಟ್ಟು ನೂರು ಲಕ್ಷ.

ಹೊಸಬರು ಇಲ್ಲಿಯೇ ಎಡವುತ್ತಾರೆ. ನಮಗೆ ಆಸ್ತಿಯಾದ ಠೇವಣಿ ಬ್ಯಾಂಕಿಗೆ ಹೊಣೆ. ನಮಗೆ ಹೊರೆಯಾದ ಸಾಲ ಬ್ಯಾಂಕಿಗೆ ಆಸ್ತಿ. ಪಾಸ್‌ಬುಕ್ಕಿನಲ್ಲಿ ‘ಜಮಾ’ ಎಂದಿರುವ ಸಾಲೆಲ್ಲ ಬ್ಯಾಂಕು ನಮಗೆ ಕೊಡಬೇಕಾದ ಬಾಕಿ. ಇದು ಮನಸ್ಸಿಗೆ ಹತ್ತುವವರೆಗೆ ಮುಂದಿನ ಅಧ್ಯಾಯಕ್ಕೆ ಹೋಗಬೇಡಿ.

ಈಗ ಶಾಖೆಯ ಮ್ಯಾನೇಜರ್ ಒಬ್ಬ ಬೇಕರಿ ಮಾಲೀಕರಿಗೆ ಒಂದು ಲಕ್ಷ ಸಾಲ ಕೊಡುತ್ತಾರೆ. ಯಾವ ಠೇವಣಿದಾರರ ಖಾತೆಯಿಂದಲೂ ಒಂದು ರೂಪಾಯಿ ಕಡಿಮೆ ಆಗುವುದಿಲ್ಲ. ಎಡಗಡೆ ಸಾಲ 71 ಲಕ್ಷ, ಬಲಗಡೆ ಠೇವಣಿ 91 ಲಕ್ಷ. ನಿನ್ನೆ ಇಲ್ಲದ ಒಂದು ಲಕ್ಷ ಇವತ್ತು ಇದೆ. ಬೇಕರಿಯವರು ಆ ಹಣವನ್ನು ಓವನ್ ಮಾರಿದವರ ಖಾತೆಗೆ ಕಳಿಸಿದರೆ ಠೇವಣಿ ಬೇರೆ ಬ್ಯಾಂಕಿಗೆ ಹೋಗಬಹುದು, ಆದರೆ ದೇಶದ ಒಟ್ಟು ಠೇವಣಿಯಲ್ಲಿ ಉಳಿಯುತ್ತದೆ. ಅವರು ಸಾಲ ತೀರಿಸಿದಾಗ ಅಷ್ಟು ಹಣ ಇಲ್ಲವಾಗುತ್ತದೆ. ಹಣ ಸೃಷ್ಟಿ, ಹಣದ ಗುಣಕ ಎಂದು ಪುಸ್ತಕ ಹತ್ತು ಪುಟದಲ್ಲಿ ಹೇಳುವುದರ ಬೀಜ ಇದು.

ಹಾಗಾದರೆ ಬ್ಯಾಂಕು ಎಷ್ಟು ಬೇಕಾದರೂ ಸಾಲ ಕೊಡಬಹುದೇ? ಇಲ್ಲ. ಹಣ ಬೇರೆ ಬ್ಯಾಂಕಿಗೆ ಹೋದಾಗ ಅದನ್ನು ಇತ್ಯರ್ಥ ಮಾಡಲು ರಿಸರ್ವ್ ಬ್ಯಾಂಕಿನಲ್ಲಿ ನಗದು ಇರಬೇಕು. ಸಾಲಕ್ಕೆ ತಕ್ಕಷ್ಟು ಸ್ವಂತ ಬಂಡವಾಳವೂ ಇರಬೇಕು. ನಗದು ಮೀಸಲು ಅನುಪಾತ, ಶಾಸನಬದ್ಧ ದ್ರವ್ಯತಾ ಅನುಪಾತ, ಬಂಡವಾಳ ಪರ್ಯಾಪ್ತತೆ ಎಂಬ ಮೂರು ದೊಡ್ಡ ಹೆಸರುಗಳು ಈ ಒಂದೇ ಹಾಳೆಯ ನಗದು, ಬಾಂಡ್, ಬಂಡವಾಳ ಎಂಬ ಮೂರು ಸಾಲುಗಳಿಗೆ ಕಟ್ಟಿದ ಬೇಲಿಗಳು.

ಅದೇ ಹಾಳೆಯಲ್ಲಿ ಕಷ್ಟವನ್ನೂ ನೋಡಿ. ತೊಂಬತ್ತು ದಿನಕ್ಕಿಂತ ಹೆಚ್ಚು ಕಾಲ ಅಸಲೋ ಬಡ್ಡಿಯೋ ಬಾಕಿ ಉಳಿದ ಸಾಲ ಎನ್‌ಪಿಎ ಆಗುತ್ತದೆ. ನಮ್ಮ ಬ್ಯಾಂಕಿನ 70 ಲಕ್ಷದಲ್ಲಿ 7 ಲಕ್ಷ ಮುಳುಗಿತು ಅನ್ನಿ. ಸಾಲದ ಹತ್ತನೇ ಒಂದು ಭಾಗ ಅಷ್ಟೇ, ಆದರೆ ಮಾಲೀಕರ 10 ಲಕ್ಷದಲ್ಲಿ 7 ಲಕ್ಷ ಹೋಯಿತು. ಬ್ಯಾಂಕುಗಳು ನೋಡನೋಡುತ್ತ ಕುಸಿಯುವುದೇಕೆ ಎನ್ನುವುದಕ್ಕೆ ಇದಕ್ಕಿಂತ ಸರಳ ಉತ್ತರ ನನಗೆ ಗೊತ್ತಿಲ್ಲ.

ಇನ್ನೂ ಒಂದು ಅಪಾಯವಿದೆ. ಠೇವಣಿದಾರರು ಯಾವಾಗ ಬೇಕಾದರೂ ಹಣ ಕೇಳಬಹುದು, ಬ್ಯಾಂಕು ಮಾತ್ರ ಇಪ್ಪತ್ತು ವರ್ಷದ ಮನೆ ಸಾಲವನ್ನು ನಾಳೆಯೇ ವಾಪಸ್ ಕೇಳುವಂತಿಲ್ಲ. ಎಲ್ಲರೂ ಒಂದೇ ದಿನ ಬಂದರೆ ಗಟ್ಟಿ ಬ್ಯಾಂಕೂ ಬೀಳುತ್ತದೆ, ಬೀಳುತ್ತದೆ ಎಂಬ ಭಯವೇ ಬೀಳಿಸಲು ಸಾಕು. ಇದನ್ನು 1983ರಲ್ಲಿ ಡಗ್ಲಸ್ ಡೈಮಂಡ್ ಮತ್ತು ಫಿಲಿಪ್ ಡಿಬ್ವಿಗ್ ಗಣಿತದಲ್ಲಿ ತೋರಿಸಿದರು. 2022ರಲ್ಲಿ ಬೆನ್ ಬರ್ನಾಂಕೆ ಜೊತೆ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಠೇವಣಿ ವಿಮೆ ಇರುವುದು ಈ ಭಯವನ್ನು ತಡೆಯಲು. ನಮ್ಮಲ್ಲಿ 2020ರ ಫೆಬ್ರುವರಿಯಲ್ಲಿ ವಿಮೆಯ ಮಿತಿ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿತು. ಅದೇ ವರ್ಷದ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಹಣ ತೆಗೆಯುವುದನ್ನು ಮೊದಲು 35,000 ರೂಪಾಯಿಗೆ ಮಿತಿಗೊಳಿಸಿತ್ತು. ನಿವೃತ್ತಿಯ ಹಣವನ್ನೆಲ್ಲ ಅಲ್ಲಿಟ್ಟಿದ್ದ ಹಿರಿಯರು ಶಾಖೆಯ ಮುಂದೆ ನಿಂತ ದೃಶ್ಯಗಳನ್ನು ಕನ್ನಡದ ಟಿವಿ ವಾಹಿನಿಗಳು ತೋರಿಸಿದವು. ಪಠ್ಯದಲ್ಲಿ ‘ದ್ರವ್ಯತಾ ಅಪಾಯ’ ಎಂದು ಒಂದು ಸಾಲಿನಲ್ಲಿ ಮುಗಿಯುವ ಸಂಗತಿ ಜನರ ಬದುಕಿನಲ್ಲಿ ಎಷ್ಟು ದೊಡ್ಡದು ಎಂಬುದನ್ನು ವಿದ್ಯಾರ್ಥಿ ಮರೆಯಬಾರದು.

ರೆಪೊ ದರ ಮನೆಗೆ ಬರುವ ದಾರಿ

ಹಿನಕಲ್, ಹೂಟಗಳ್ಳಿ ಸುತ್ತಮುತ್ತ ಬಡಾವಣೆಗಳು ಎದ್ದು ಹೊಲಗಳೆಲ್ಲ ಸೈಟುಗಳಾಗಿವೆ. ಮನೆ ಸಾಲದ ಮಾತು ಪ್ರತಿ ಬೀದಿಯಲ್ಲಿದೆ. ಹಣಕಾಸು ನೀತಿಯನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇಕಿಲ್ಲ.

ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಅಲ್ಪಾವಧಿಗೆ ಸಾಲ ಕೊಡುವ ದರ ರೆಪೊ ದರ. ಅದನ್ನು ತೀರ್ಮಾನಿಸುವುದು ಆರು ಜನರ ಹಣಕಾಸು ನೀತಿ ಸಮಿತಿ: ಮೂವರು ರಿಸರ್ವ್ ಬ್ಯಾಂಕಿನವರು, ಮೂವರು ಕೇಂದ್ರ ಸರ್ಕಾರ ನೇಮಿಸಿದವರು. ಮತ ಸಮವಾದರೆ ಗವರ್ನರ್ ಮತ ನಿರ್ಣಾಯಕ. 2016ರಲ್ಲಿ ರೂಪುಗೊಂಡ ಈ ಸಮಿತಿಗೆ ಕೊಟ್ಟ ಗುರಿ, ಚಿಲ್ಲರೆ ಹಣದುಬ್ಬರ ಶೇ. 4ರ ಆಸುಪಾಸಿನಲ್ಲಿರಬೇಕು, ಎರಡು ಅಂಶ ಆಚೀಚೆ ಆದರೆ ಸಹಿಸಬಹುದು. ಸಭೆ ಮುಗಿದ ಹದಿನಾಲ್ಕನೇ ದಿನ ನಡಾವಳಿ ಹೊರಬರುತ್ತದೆ, ಯಾರು ಯಾವ ಕಡೆ ಮತ ಹಾಕಿದರು, ಏಕೆ ಎಂಬುದು ಅದರಲ್ಲಿರುತ್ತದೆ. ಒಂದೇ ಅಂಕಿಅಂಶ ನೋಡಿ ಇಬ್ಬರು ತಜ್ಞರು ಬೇರೆ ಬೇರೆ ತೀರ್ಮಾನಕ್ಕೆ ಬರುವುದನ್ನು ಓದುವುದು ಯಾವ ಗೈಡ್ ಪುಸ್ತಕವೂ ಕೊಡದ ಪಾಠ.

2020ರ ಮೇ ತಿಂಗಳಿನಿಂದ ರೆಪೊ ದರ ಶೇ. 4 ಇತ್ತು. 2022ರ ಮೇನಿಂದ ಏರತೊಡಗಿ 2023ರ ಫೆಬ್ರುವರಿಗೆ ಶೇ. 6.5 ಮುಟ್ಟಿತು. ಇಳಿಕೆ ಶುರುವಾದದ್ದು 2025ರ ಫೆಬ್ರುವರಿಯಲ್ಲಿ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳ ಹೊಸ ಬದಲಾಗುವ ದರದ ಮನೆ ಸಾಲಗಳನ್ನು ರೆಪೊದಂಥ ಹೊರಗಿನ ಮಾನದಂಡಕ್ಕೆ ಕಟ್ಟಿರುವುದರಿಂದ, ಮುಂಬೈಯಲ್ಲಿ ಈ ಸಮಿತಿ ಮಾಡುವ ತೀರ್ಮಾನ ಸೀದಾ ಮನೆಯ ಕಂತಿಗೆ ತಟ್ಟುತ್ತದೆ.

ಲೆಕ್ಕ ಹಾಕೋಣ. 20 ಲಕ್ಷ ಸಾಲ, 20 ವರ್ಷ, ಬಡ್ಡಿ ಶೇ. 7. ತಿಂಗಳ ಕಂತು 15,506 ರೂಪಾಯಿ. ಬಡ್ಡಿ ಎರಡೂವರೆ ಅಂಶ ಏರಿ ಶೇ. 9.5 ಆದರೆ ಕಂತು 18,643 ಆಗುತ್ತದೆ. ತಿಂಗಳಿಗೆ ಮೂರು ಸಾವಿರಕ್ಕೂ ಮಿಕ್ಕಿ ಹೆಚ್ಚು. ಎಷ್ಟೋ ಬ್ಯಾಂಕುಗಳು ಕಂತು ಏರಿಸದೆ ಅವಧಿ ಹೆಚ್ಚಿಸುತ್ತವೆ, ಸಾಲಗಾರರಿಗೂ ಅದೇ ಹಾಯೆನಿಸುತ್ತದೆ. ಆದರೆ ಗಮನಿಸಿ: 20 ಲಕ್ಷಕ್ಕೆ ಶೇ. 9.5ರಂತೆ ಒಂದು ತಿಂಗಳ ಬಡ್ಡಿಯೇ 15,833. ಹಳೆಯ ಕಂತು 15,506. ಸಾಲದ ಆರಂಭದಲ್ಲಿ ಹೀಗಾದರೆ ಕಂತು ಬಡ್ಡಿಗೇ ಸಾಲದು, ಎಷ್ಟು ವರ್ಷ ಕಟ್ಟಿದರೂ ಅಸಲು ಕರಗುವುದಿಲ್ಲ, ಬೆಳೆಯುತ್ತದೆ. ಇಂಥದ್ದು ಆಗಬಾರದೆಂದೇ 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕು, ಬಡ್ಡಿ ಬದಲಾದಾಗ ಕಂತು ಏರಿಸುವುದೋ ಅವಧಿ ಬೆಳೆಸುವುದೋ ಎಂಬ ಆಯ್ಕೆಯನ್ನು ಸಾಲಗಾರರ ಮುಂದಿಡಬೇಕು ಎಂದು ಬ್ಯಾಂಕುಗಳಿಗೆ ಸೂಚಿಸಿತು. ಈ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಒಮ್ಮೆ ಮಾಡಿದ ವಿದ್ಯಾರ್ಥಿ ತನ್ನ ಬೀದಿಯ ಹತ್ತು ಮನೆಯವರಿಗೆ ನೆರವಾಗಬಲ್ಲ. ಪರೀಕ್ಷೆಯಲ್ಲಿ ‘ಹಣಕಾಸು ನೀತಿಯ ಪ್ರಸರಣ’ ಎಂಬ ಪ್ರಶ್ನೆ ಬಂದರೆ ಈ ಉದಾಹರಣೆ ಬರೆಯಿರಿ.

ಬಾಂಡು, ಬಿಲ್ಲು, ಷೇರು

ಹಣಕಾಸು ಮಾರುಕಟ್ಟೆ ಎಂದ ಕೂಡಲೇ ಷೇರುಪೇಟೆ ಕಣ್ಣಿಗೆ ಬರುತ್ತದೆ. ಪಠ್ಯದಲ್ಲಿ ಅದಕ್ಕಿಂತ ಮುಖ್ಯವಾದದ್ದು ಸಾಲಪತ್ರಗಳ ಪೇಟೆ. ಒಂದು ವರ್ಷದೊಳಗಿನ ಸಾಲದ್ದು ಹಣದ ಮಾರುಕಟ್ಟೆ, ಅದಕ್ಕಿಂತ ದೀರ್ಘದ್ದು ಬಂಡವಾಳ ಮಾರುಕಟ್ಟೆ.

ಕೇಂದ್ರ ಸರ್ಕಾರ 91, 182, 364 ದಿನಗಳ ಖಜಾನೆ ಬಿಲ್ಲುಗಳನ್ನು ಮಾರುತ್ತದೆ. ಇವಕ್ಕೆ ಬಡ್ಡಿ ಎಂದು ಪ್ರತ್ಯೇಕವಾಗಿ ಕೊಡುವುದಿಲ್ಲ, ಕಡಿಮೆ ಬೆಲೆಗೆ ಮಾರಿ ಪೂರ್ಣ ಮೊತ್ತ ಹಿಂದಿರುಗಿಸುತ್ತದೆ. 10,000 ರೂಪಾಯಿಯ 91 ದಿನಗಳ ಬಿಲ್ಲು 9,850ಕ್ಕೆ ಸಿಕ್ಕರೆ ಲಾಭ 150. 150ನ್ನು 9,850ರಿಂದ ಭಾಗಿಸಿ, 365ರಿಂದ ಗುಣಿಸಿ, 91ರಿಂದ ಭಾಗಿಸಿದರೆ ವಾರ್ಷಿಕ ಆದಾಯ ಸುಮಾರು ಶೇ. 6.11. ಈ ಒಂದು ಸೂತ್ರ ಬಂದರೆ ಕಂಪನಿಗಳ ವಾಣಿಜ್ಯ ಪತ್ರ, ಬ್ಯಾಂಕುಗಳ ಠೇವಣಿ ಪ್ರಮಾಣಪತ್ರಗಳ ಲೆಕ್ಕವೂ ಬಂದ ಹಾಗೆಯೇ. 2021ರ ನವೆಂಬರ್‌ನಿಂದ ರಿಸರ್ವ್ ಬ್ಯಾಂಕಿನ ‘ರಿಟೇಲ್ ಡೈರೆಕ್ಟ್’ ಮೂಲಕ ಸಾಮಾನ್ಯರೂ ಹತ್ತು ಸಾವಿರದಿಂದ ಇವನ್ನು ಕೊಳ್ಳಬಹುದು.

ಬಾಂಡಿನ ಬೆಲೆಯೂ ಬಡ್ಡಿಯೂ ಎದುರು ಬದುರು ನಡೆಯುತ್ತವೆ ಎನ್ನುವುದು ಬಹಳ ಮಂದಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುವ ತುತ್ತು. ವರ್ಷದ ಕೊನೆಗೆ 107 ರೂಪಾಯಿ ಕೊಡುವ ಬಾಂಡು ನಿಮ್ಮ ಬಳಿ ಇದೆ, ನೂರು ಕೊಟ್ಟು ಕೊಂಡದ್ದು. ಮಾರನೆಯ ದಿನ ಪೇಟೆಯ ಬಡ್ಡಿ ಶೇ. 8 ಆಯಿತು. ಈಗ ಹೊಸ ಬಾಂಡು ನೂರಕ್ಕೆ 108 ಕೊಡುತ್ತದೆ, ನಿಮ್ಮದನ್ನು ನೂರಕ್ಕೆ ಯಾರು ಕೊಳ್ಳುತ್ತಾರೆ? 107ನ್ನು 1.08ರಿಂದ ಭಾಗಿಸಿ: 99 ರೂಪಾಯಿ 7 ಪೈಸೆ. ಅವಧಿ ಉದ್ದವಾದಷ್ಟೂ ಬೀಳುವ ಪೆಟ್ಟು ದೊಡ್ಡದು. 2023ರ ಮಾರ್ಚ್‌ನಲ್ಲಿ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿದ್ದು ಕೆಟ್ಟ ಸಾಲದಿಂದಲ್ಲ, ಬಡ್ಡಿ ಏರಿ ಅದರ ಬಳಿಯಿದ್ದ ದೀರ್ಘಾವಧಿ ಬಾಂಡುಗಳ ಬೆಲೆ ಬಿದ್ದದ್ದರಿಂದ. ಸುದ್ದಿ ಹರಡಿ ಒಂದೇ ದಿನ 4,200 ಕೋಟಿ ಡಾಲರ್ ತೆಗೆಯಲು ಠೇವಣಿದಾರರು ಮುಗಿಬಿದ್ದರು. ಈಗ ನೋಟ್‌ಬುಕ್ಕಿನ ಅದೇ ಹಾಳೆಗೆ ಹೋಗಿ, ಎಡಗಡೆಯ ‘ಸರ್ಕಾರಿ ಬಾಂಡ್ 20 ಲಕ್ಷ’ವನ್ನು 18 ಮಾಡಿ ನೋಡಿ. ಹತ್ತು ಲಕ್ಷ ಬಂಡವಾಳದಲ್ಲಿ ಎರಡು ಲಕ್ಷ ಹೋಗಿರುತ್ತದೆ.

ಷೇರಿನ ಬಗ್ಗೆ ಒಂದು ಎಚ್ಚರಿಕೆ. ಈ ವಿಷಯ ಓದುತ್ತಿದ್ದೇವೆ ಎಂದು ಆಪ್ ಹಾಕಿಕೊಂಡು ಫ್ಯೂಚರ್ಸ್–ಆಪ್ಷನ್ಸ್ ಆಡಲು ಇಳಿಯಬೇಡಿ. 2021–22ರಿಂದ 2023–24ರವರೆಗಿನ ಮೂರು ವರ್ಷದಲ್ಲಿ ಅದರಲ್ಲಿ ತೊಡಗಿದ ವೈಯಕ್ತಿಕ ವ್ಯಾಪಾರಿಗಳಲ್ಲಿ ಶೇ. 93 ಮಂದಿ ನಷ್ಟ ಅನುಭವಿಸಿದರು, ಒಟ್ಟು ನಷ್ಟ 1.8 ಲಕ್ಷ ಕೋಟಿ ದಾಟಿತು ಎಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ಅಧ್ಯಯನವೇ 2024ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಕಾಲೇಜಿನ ಫೀಸು ಕಟ್ಟಲು ಇಟ್ಟ ಹಣ ಅಲ್ಲಿ ಹೋಗುವುದು ಬೇಡ. ಕಲಿಯಬೇಕಿದ್ದರೆ ಕಾಗದದ ಮೇಲೆ ಒಂದು ಕಾಲ್ಪನಿಕ ಖಾತೆ ಇಟ್ಟು ಆರು ತಿಂಗಳು ಬೆಲೆ ಬರೆದುಕೊಂಡು ನೋಡಿ.

ಪಠ್ಯಕ್ಕೆ ನಮ್ಮ ನಾಡಿನದೇ ಇತಿಹಾಸ

ಬ್ಯಾಂಕಿಂಗ್ ಇತಿಹಾಸವನ್ನು ಲಂಡನ್ನಿನಿಂದ ಆರಂಭಿಸುವ ಪುಸ್ತಕಗಳೇ ಹೆಚ್ಚು. ಕನ್ನಡ ನಾಡಿನ ವಿದ್ಯಾರ್ಥಿಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಕೆನರಾ ಬ್ಯಾಂಕಿಗೂ, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕಿಗೂ ಅಡಿಪಾಯ ಹಾಕಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಮುಂದೆ ಸಿಂಡಿಕೇಟ್ ಆದ ಬ್ಯಾಂಕ್, 1931ರಲ್ಲಿ ವಿಜಯ ಬ್ಯಾಂಕ್. ಒಂದೇ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಈ ಐದು ಬ್ಯಾಂಕುಗಳು.

ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಶುರುಮಾಡಿದ ಪಿಗ್ಮಿ ಠೇವಣಿಯನ್ನು ನಾನು ಪಠ್ಯದಲ್ಲಿ ಒಂದು ಇಡೀ ಅಧ್ಯಾಯ ಮಾಡುತ್ತಿದ್ದೆ. ಏಜೆಂಟರು ಮನೆಬಾಗಿಲಿಗೆ, ಅಂಗಡಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಕಟ್ಟಿಸಿಕೊಂಡು ಬರುತ್ತಿದ್ದರು. ಚಿಕ್ಕ ಉಳಿತಾಯ ಒಟ್ಟುಗೂಡಿಸಿ ದೊಡ್ಡ ಸಾಲ ಕೊಡುವ ಬ್ಯಾಂಕಿನ ಮೂಲ ಕಸುಬು ಇದು. ಮೈಸೂರಿನ ಮಾರುಕಟ್ಟೆಯ ಅಂಗಡಿಗಳಲ್ಲಿ ಸಂಜೆ ಪಿಗ್ಮಿ ಏಜೆಂಟರು ಇಂದಿಗೂ ಸಿಗುತ್ತಾರೆ.

ಹಳೆಯ ಮೈಸೂರಿನ ಕಥೆ ಬೇರೆ ಬಗೆಯದು. ಕರಾವಳಿಯಲ್ಲಿ ವ್ಯಾಪಾರಿಗಳೂ ಸಮಾಜದ ಮುಖಂಡರೂ ಬ್ಯಾಂಕ್ ಕಟ್ಟಿದರೆ, ಇಲ್ಲಿ ಸಂಸ್ಥಾನವೇ ಕೈಹಾಕಿತು. 1911ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನ ಶುರುವಾಯಿತು. ಅದರ ಬೆನ್ನಲ್ಲೇ ಸರ್ ಎಂ. ವಿಶ್ವೇಶ್ವರಯ್ಯನವರ ಮುತುವರ್ಜಿಯಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1913ರಲ್ಲಿ ಮೈಸೂರು ಬ್ಯಾಂಕ್ ಹುಟ್ಟಿತು. ಮೈಸೂರು ವಿಶ್ವವಿದ್ಯಾನಿಲಯ ಬಂದದ್ದು ಅದಾದ ಮೂರು ವರ್ಷಕ್ಕೆ, 1916ರಲ್ಲಿ. ಆ ಬ್ಯಾಂಕು 1960ರಲ್ಲಿ ಸ್ಟೇಟ್ ಬ್ಯಾಂಕಿನ ಅಂಗಸಂಸ್ಥೆಯಾಗಿ, 2017ರ ಏಪ್ರಿಲ್ 1ರಂದು ಅದರೊಳಗೆ ಲೀನವಾಯಿತು. 2019ರಲ್ಲಿ ವಿಜಯ ಬ್ಯಾಂಕು ಬ್ಯಾಂಕ್ ಆಫ್ ಬರೋಡಾಕ್ಕೆ, 2020ರಲ್ಲಿ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಕೆನರಾಕ್ಕೆ ಸೇರಿದವು. ಮೈಸೂರಿನಲ್ಲೇ ಕೇಂದ್ರ ಕಚೇರಿ ಇದ್ದ ಕಾವೇರಿ ಗ್ರಾಮೀಣ ಬ್ಯಾಂಕೂ ವಿಲೀನದ ಹಾದಿಯಲ್ಲಿ ಸಾಗಿ, 2025ರ ಮೇ 1ರಿಂದ ಬಳ್ಳಾರಿ ಕೇಂದ್ರವಾದ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗವಾಗಿದೆ.

ದೊಡ್ಡ ಬ್ಯಾಂಕಿಗೆ ಬಂಡವಾಳ ಹೆಚ್ಚು, ಪೆಟ್ಟು ತಡೆಯುವ ಶಕ್ತಿಯೂ ಹೆಚ್ಚು ಎನ್ನುವುದು ನಿಜ. ಊರಿನ ಸಾಲಗಾರರ ಮುಖ ಗುರುತಿದ್ದ ಬ್ಯಾಂಕುಗಳು ಹೋದದ್ದು ನಷ್ಟ ಎನ್ನುವುದೂ ನಿಜ. ನನ್ನ ಒಲವು ಎರಡನೆಯದರ ಕಡೆಗಿದೆ. ವಿದ್ಯಾರ್ಥಿಗಳು ಎರಡೂ ಬದಿಯನ್ನು ಅಂಕಿಗಳ ಸಮೇತ ವಾದಿಸಲು ಕಲಿಯಬೇಕು.

ಹಿನಕಲ್ ಬೀದಿಯಲ್ಲೇ ಪ್ರಾಜೆಕ್ಟ್

ಪ್ರಾಜೆಕ್ಟ್ ವರದಿ ಎಂದರೆ ಅಂತರ್ಜಾಲದಿಂದ ಎತ್ತಿ ಸ್ಪೈರಲ್ ಬೈಂಡಿಂಗ್ ಹಾಕಿಸುವುದು ಎಂಬ ರೂಢಿ ನಿಲ್ಲಬೇಕು. ಹಿನಕಲ್‌ನ ಹಳೆಯ ಊರು ನನ್ನೇಶ್ವರ ದೇವಸ್ಥಾನದ ಸುತ್ತ ಇದೆ, ಹೊಸದು ಹುಣಸೂರು ರಸ್ತೆ ಮತ್ತು ರಿಂಗ್ ರೋಡಿನ ಅಂಚಿನಲ್ಲಿ. ಎರಡೂ ಕಡೆ ನಡೆದು ಹಣದ ವ್ಯವಹಾರ ನಡೆಯುವ ಜಾಗಗಳನ್ನೆಲ್ಲ ಗುರುತು ಹಾಕಿ: ಬ್ಯಾಂಕ್, ಅಂಚೆ ಕಚೇರಿ, ಸಹಕಾರ ಸಂಘ, ಚಿನ್ನದ ಮೇಲೆ ಸಾಲ ಕೊಡುವ ಅಂಗಡಿ, ಗಿರವಿ ಅಂಗಡಿ, ಚೀಟಿ ನಡೆಸುವವರು, ಸ್ತ್ರೀಶಕ್ತಿ ಸಂಘ, ಮೈಕ್ರೋಫೈನಾನ್ಸ್. ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಕೇಳಿ. ಇವರಿಗೆ ಹಣ ಎಲ್ಲಿಂದ ಬರುತ್ತದೆ? ಯಾರಿಗೆ, ಯಾವ ಬಡ್ಡಿಗೆ ಕೊಡುತ್ತಾರೆ? ಇವರ ಮೇಲೆ ಯಾರ ಕಣ್ಣಿದೆ?

ಮೂರನೆಯ ಪ್ರಶ್ನೆ ಬಹಳ ಮುಖ್ಯ. ಬ್ಯಾಂಕು, ಚಿನ್ನದ ಸಾಲದ ಕಂಪನಿ, ಮೈಕ್ರೋಫೈನಾನ್ಸ್ ಕಂಪನಿ ರಿಸರ್ವ್ ಬ್ಯಾಂಕಿನ ಕೆಳಗೆ ಬರುತ್ತವೆ. ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ಮತ್ತು ಸಹಕಾರ ಇಲಾಖೆ ಎರಡೂ. ಪತ್ತಿನ ಸಹಕಾರ ಸಂಘದ ಮೇಲೆ ಸಹಕಾರ ಇಲಾಖೆ ಮಾತ್ರ, ಅಲ್ಲಿನ ಠೇವಣಿಗೆ ಐದು ಲಕ್ಷದ ವಿಮೆ ಇಲ್ಲ. ಬೋರ್ಡಿನಲ್ಲಿ ‘ಸಹಕಾರ’ ಎಂಬ ಪದ ಎರಡಕ್ಕೂ ಇರುವುದರಿಂದ ಜನ ವ್ಯತ್ಯಾಸ ನೋಡುವುದಿಲ್ಲ. ಚೀಟಿಗೆ 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿ ಬೇಕು, ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಗಿರವಿ ಮತ್ತು ಲೇವಾದೇವಿಗೆ ರಾಜ್ಯದ ಕಾಯ್ದೆಗಳಿವೆ. ಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದು, ಆಮೇಲೆ ಕಾಯ್ದೆ ಮಾಡಿತು. ಸಾಲಕ್ಕೆ ಸಿಕ್ಕಿಬಿದ್ದ ಕುಟುಂಬಗಳ ನೋವು ಅದರ ಹಿಂದಿದೆ, ಪ್ರಾಜೆಕ್ಟ್ ಮಾಡುವವರು ಆ ಮನೆಗಳಲ್ಲಿ ಪ್ರಶ್ನೆ ಕೇಳುವಾಗ ಮೃದುವಾಗಿರಬೇಕು. ಹೆಸರು, ಖಾತೆ ಸಂಖ್ಯೆ ಬರೆದುಕೊಳ್ಳಬೇಡಿ.

ಪುಸ್ತಕ, ಪರೀಕ್ಷೆ, ಕೆಲಸ

ಪ್ರಪಂಚದಾದ್ಯಂತ ಈ ಪಾಠಕ್ಕೆ ಹೆಚ್ಚು ಬಳಕೆಯಲ್ಲಿರುವ ಪಠ್ಯಗಳಲ್ಲೊಂದು ಫ್ರೆಡರಿಕ್ ಮಿಷ್ಕಿನ್ ಅವರದು. ಅಮೆರಿಕದ ಉದಾಹರಣೆಗಳಿದ್ದರೂ ವಿವರಣೆ ತಿಳಿಯಾಗಿದೆ. ಭಾರತದ ಸಂಸ್ಥೆಗಳಿಗೆ ಎಲ್.ಎಂ. ಭೋಲೆ ಮತ್ತು ಭಾರತಿ ಪಾಠಕ್, ಹಣದ ಸಿದ್ಧಾಂತಕ್ಕೆ ಸೂರಜ್ ಬಿ. ಗುಪ್ತ. ಇವೆಲ್ಲ ಇಂಗ್ಲಿಷ್‌ನವು, ಬೆಲೆಯೂ ಹೆಚ್ಚು. ಕೊಳ್ಳುವ ಬದಲು ಗ್ರಂಥಾಲಯದಲ್ಲಿ ಓದಿ. ಕೇಂದ್ರದ ‘ಸ್ವಯಂ’ ಜಾಲತಾಣದ ಪಾಠಗಳನ್ನು ಉಚಿತವಾಗಿ ನೋಡಬಹುದು, ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕಾದರೆ ಮಾತ್ರ ಶುಲ್ಕ. ಕನ್ನಡ ಮಾಧ್ಯಮದಿಂದ ಬಂದವರು ಮೊದಲ ದಿನದಿಂದ ಒಂದು ಪದಪುಸ್ತಕ ಇಡಿ. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡದಲ್ಲಿ ನಿಮ್ಮದೇ ಮಾತಿನ ಒಂದು ವಾಕ್ಯ. ಪತ್ರಿಕೆಯ ವಾಣಿಜ್ಯ ಪುಟವನ್ನು ದಿನಾ ಓದಿದರೆ ಒಂದು ಸೆಮಿಸ್ಟರ್‌ನಲ್ಲಿ ಭಾಷೆಯ ಅಳುಕು ಹೋಗುತ್ತದೆ.

ರಿಸರ್ವ್ ಬ್ಯಾಂಕಿನ ವಾರ್ಷಿಕ ವರದಿ, ಬ್ಯಾಂಕಿಂಗ್ ಪ್ರವೃತ್ತಿ ಮತ್ತು ಪ್ರಗತಿಯ ವರದಿ ಪ್ರತಿ ವರ್ಷ ಅದರ ಜಾಲತಾಣದಲ್ಲಿ ಬಿಟ್ಟಿ ಸಿಗುತ್ತವೆ. ಪುಸ್ತಕದಲ್ಲಿನ ದರಗಳು ಅಚ್ಚಾಗುವ ಹೊತ್ತಿಗೆ ಹಳತಾಗಿರುತ್ತವೆ. ರೆಪೊ, ನಗದು ಮೀಸಲು ಅನುಪಾತಗಳನ್ನು ಪರೀಕ್ಷೆಯ ಹಿಂದಿನ ವಾರ ಅಲ್ಲಿಯೇ ನೋಡಿಕೊಳ್ಳಿ.

ಕೆಲಸದ ವಿಷಯ ಚುಟುಕಾಗಿ ಹೇಳಬಹುದು. ಐಬಿಪಿಎಸ್ ಮತ್ತು ಸ್ಟೇಟ್ ಬ್ಯಾಂಕ್ ಪರೀಕ್ಷೆಗಳಲ್ಲಿ ಮೊದಲ ಸುತ್ತಿಗೆ ಬೇಕಾದದ್ದು ವೇಗದ ಲೆಕ್ಕ, ತರ್ಕ, ಭಾಷೆ. ಪದವಿಯ ಪಾಠ ನೆರವಾಗುವುದು ಮುಖ್ಯ ಪರೀಕ್ಷೆಯಲ್ಲಿ, ಅಧಿಕಾರಿ ಹುದ್ದೆಯ ಸಂದರ್ಶನದಲ್ಲಿ. ಸಾರ್ವಜನಿಕ ಬ್ಯಾಂಕುಗಳ ಗುಮಾಸ್ತ ಹುದ್ದೆಯ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು ಎಂದು 2021ರಲ್ಲಿ ತೀರ್ಮಾನವಾಯಿತು, ಆ ಅವಕಾಶ ಬಿಡಬೇಡಿ. ಮ್ಯೂಚುವಲ್ ಫಂಡ್, ಷೇರು ದಲ್ಲಾಳಿ ಕಚೇರಿಗಳಿಗೆ ಎನ್‌ಐಎಸ್‌ಎಂ ಪ್ರಮಾಣಪತ್ರ ಬೇಕು, ಅದನ್ನು ಪದವಿಯ ಕೊನೆಯ ವರ್ಷದಲ್ಲೇ ಮುಗಿಸಬಹುದು. ಬ್ಯಾಂಕು ಸೇರಿದ ಮೇಲೆ ಬ್ಯಾಂಕ್ ನೌಕರರಿಗಾಗಿಯೇ ಇರುವ ಜೆಎಐಐಬಿ ಪರೀಕ್ಷೆ ಇದೆ. ಹೆಚ್ಚು ಓದುವ ಆಸೆಯಿದ್ದರೆ ಎಂ.ಎ., ಎಂ.ಕಾಂ. ಎರಡೂ ಮಾನಸಗಂಗೋತ್ರಿಯಲ್ಲಿವೆ. ‘ಈ ಕೋರ್ಸ್ ಮಾಡಿದರೆ ಬ್ಯಾಂಕ್ ಕೆಲಸ ಖಾತ್ರಿ’ ಎಂದು ದುಡ್ಡು ಕೇಳುವ ಯಾವ ಕೇಂದ್ರವನ್ನೂ ನಂಬಬೇಡಿ, ಹಾಗೆ ಖಾತ್ರಿ ಕೊಡುವ ಅಧಿಕಾರ ಯಾರಿಗೂ ಇಲ್ಲ.

ಅಧ್ಯಾಪಕರಲ್ಲಿ ನನ್ನ ಕೋರಿಕೆ ಒಂದಿದೆ. ಮೊದಲ ತರಗತಿಯಲ್ಲಿ ಹಣದ ವ್ಯಾಖ್ಯೆ ಬರೆಸುವ ಬದಲು, ಕೆನರಾ ಬ್ಯಾಂಕಿನದೋ ಕರ್ಣಾಟಕ ಬ್ಯಾಂಕಿನದೋ ಕಳೆದ ವರ್ಷದ ಆಸ್ತಿ–ಹೊಣೆ ಪಟ್ಟಿಯ ಪ್ರತಿಯನ್ನು ಪ್ರತಿ ವಿದ್ಯಾರ್ಥಿಯ ಕೈಗೆ ಕೊಡಿ. ಎರಡೂ ಬ್ಯಾಂಕುಗಳ ಷೇರು ಪೇಟೆಯಲ್ಲಿ ನೋಂದಣಿಯಾಗಿರುವುದರಿಂದ ಅವುಗಳ ವಾರ್ಷಿಕ ವರದಿ ಜಾಲತಾಣದಲ್ಲಿ ಯಾರಿಗಾದರೂ ಸಿಗುತ್ತದೆ, ಖರ್ಚು ಬರುವುದು ಎರಡು ಪುಟ ಜೆರಾಕ್ಸಿಗೆ ಮಾತ್ರ.